ಚಿಪ್ ಉದ್ಯಮ, ಪೈಪೋಟಿ ಮತ್ತು ಸರ್ಕಾರದ ಸಬ್ಸಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಕೈಗಾರಿಕಾ ಸಂಘಗಳ ಸಭೆಗಳಲ್ಲಿ, ಬರುವ ಪತ್ರಗಳಲ್ಲಿ ಚಿಪ್ ಉದ್ಯಮದ ಮಾತು ಎದ್ದಾಗಲೆಲ್ಲ ಸುತ್ತಿ ಸುತ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉತ್ತರಗಳಲ್ಲಿರುವ ಅಭಿಪ್ರಾಯಗಳು ನನ್ನವು.

## ಮೊದಲಿಗೆ

ಸಬ್ಸಿಡಿ ಅಂದರೆ ಗೊಬ್ಬರಕ್ಕೆ, ಗ್ಯಾಸ್ ಸಿಲಿಂಡರಿಗೆ ಕೊಡುತ್ತಾರಲ್ಲ, ಅದೇ ತಾನೇ? ಚಿಪ್ ಕಂಪನಿಗೆ ಕೊಡುವುದರಲ್ಲಿ ಏನು ವ್ಯತ್ಯಾಸ?

ಗೊಬ್ಬರದ ಸಬ್ಸಿಡಿ ಕೊಳ್ಳುವವನ ಹೊರೆಯನ್ನು ಇಳಿಸುತ್ತದೆ, ಚಿಪ್ ಸಬ್ಸಿಡಿ ಕಟ್ಟುವವನ ಅಪಾಯವನ್ನು ಇಳಿಸುತ್ತದೆ. ಇದಕ್ಕೆ ಹಲವು ರೂಪಗಳಿವೆ. ಕಾರ್ಖಾನೆಯ ವೆಚ್ಚದಲ್ಲಿ ಒಂದು ಪಾಲನ್ನು ಸರ್ಕಾರ ಹೊರುವುದು, ತೆರಿಗೆಯಲ್ಲಿ ಕಡಿತ ಕೊಡುವುದು, ಸಾಲಕ್ಕೆ ಖಾತರಿ ನಿಲ್ಲುವುದು, ಮಾರಾಟದ ಲೆಕ್ಕದ ಮೇಲೆ ಪ್ರೋತ್ಸಾಹಧನ ಕೊಡುವುದು, ಸಂಶೋಧನೆಗೆ ಅನುದಾನ ಕೊಡುವುದು, ಕೊನೆಗೆ ಸರ್ಕಾರವೇ ಮೊದಲ ಗಿರಾಕಿಯಾಗುವುದು, ಇವೆಲ್ಲ ಸಬ್ಸಿಡಿಯ ಬಳಗಕ್ಕೇ ಸೇರುತ್ತವೆ.

ಭಾರತ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಯನ್ನು ಪ್ರಕಟಿಸಿತು. ಮೊದಲು ಚಿಪ್ಪಿನ ಸೂಕ್ಷ್ಮತೆಗೆ ತಕ್ಕಂತೆ ಬೇರೆ ಬೇರೆ ಪ್ರಮಾಣದ ನೆರವು ಎಂದಿದ್ದರೂ, 2022ರ ಸೆಪ್ಟೆಂಬರ್‌ನ ತಿದ್ದುಪಡಿಯಲ್ಲಿ ಎಲ್ಲ ಬಗೆಯ ಫ್ಯಾಬ್‌ಗಳಿಗೂ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಗಳಿಗೂ, ಯೋಜನಾ ವೆಚ್ಚದ ಶೇ 50ರಷ್ಟನ್ನು ಕೇಂದ್ರವೇ ಭರಿಸುವುದೆಂದು ನಿಗದಿಯಾಯಿತು. ಇದರ ಮೇಲೆ ರಾಜ್ಯ ಸರ್ಕಾರಗಳು ತಮ್ಮ ಪಾಲನ್ನು ಸೇರಿಸುತ್ತವೆ.

ಲಾಭ ಬರುವ ಉದ್ಯಮವಾದರೆ ಖಾಸಗಿಯವರೇ ದುಡ್ಡು ಹಾಕಲಿ, ಬರದಿದ್ದರೆ ಬಿಡಲಿ. ನಮ್ಮ ತೆರಿಗೆ ಹಣ ಯಾಕೆ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಹುತೇಕ ಉದ್ಯಮಗಳ ಮಟ್ಟಿಗೆ ಇದೇ ಸರಿಯಾದ ಉತ್ತರವೂ ಹೌದು. ಚಿಪ್ ತಯಾರಿಕೆ ಏಕೆ ಬೇರೆ ಎನ್ನುವುದಕ್ಕೆ ಫ್ಯಾಬ್‌ನ ಒಳಗಿನ ಒಂದು ಸಣ್ಣ ಲೆಕ್ಕವನ್ನು ನೋಡೋಣ.

300 ಮಿಲಿಮೀಟರ್ ವ್ಯಾಸದ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ಒಂದು ಚದರ ಸೆಂಟಿಮೀಟರ್ ಅಳತೆಯ ಚಿಪ್‌ಗಳನ್ನು ಮೂಡಿಸಿದರೆ, ಅಂಚಿನಲ್ಲಿ ವ್ಯರ್ಥವಾಗುವುದನ್ನು ಕಳೆದು ಸುಮಾರು 640 ಚಿಪ್‌ಗಳು ಸಿಗುತ್ತವೆ. ಲೆಕ್ಕಕ್ಕೆಂದು ಒಂದು ಬಿಲ್ಲೆಯನ್ನು ಸಿದ್ಧಪಡಿಸಲು 2,56,000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳಿ. ಹೊಸ ಫ್ಯಾಬ್‌ನಲ್ಲಿ ಅರ್ಧದಷ್ಟು ಚಿಪ್‌ಗಳು ಮಾತ್ರ ಸರಿಯಾಗಿ ಕೆಲಸ ಮಾಡಿದರೆ ಒಂದೊಂದಕ್ಕೆ 800 ರೂಪಾಯಿ ಬೀಳುತ್ತದೆ. ಹತ್ತು ವರ್ಷಗಳಿಂದ ಪಳಗಿದ ಎದುರಾಳಿಯ ಬಳಿ ನೂರಕ್ಕೆ ತೊಂಬತ್ತು ಸರಿಯಿದ್ದರೆ ಅವನಿಗೆ ಬೀಳುವುದು ಸುಮಾರು 444 ರೂಪಾಯಿ. ಯಂತ್ರ ಅದೇ, ರಾಸಾಯನಿಕ ಅದೇ, ವಿದ್ಯುತ್ ಬಿಲ್ಲೂ ಅದೇ. ಬೇರೆ ಇರುವುದು ಇಳುವರಿ ಮಾತ್ರ. ರೈತರು ಬಳಸುವ ಈ ಮಾತೇ ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ. ಇಳುವರಿಯನ್ನು ಪುಸ್ತಕದಿಂದ ಕಲಿಯಲಾಗದು. ಸಾವಿರಾರು ಬಿಲ್ಲೆಗಳನ್ನು ಕೆಡಿಸಿಯೇ ಕಲಿಯಬೇಕು. ಹಾಗೆ ಕೆಡಿಸುವ ವರ್ಷಗಳಲ್ಲಿ ಹೊಸಬನು ಎದುರಾಳಿಯ ಬೆಲೆಗೇ ಮಾರಬೇಕಾಗುತ್ತದೆ, ಯಂತ್ರಗಳ ಮೌಲ್ಯವಂತೂ ಐದಾರು ವರ್ಷಗಳಲ್ಲಿ ಸವೆದುಹೋಗಿರುತ್ತದೆ. ಈ ನಷ್ಟವನ್ನು ಹೊರುವ ಎದೆಗಾರಿಕೆ ಬ್ಯಾಂಕುಗಳಿಗಿರುವುದಿಲ್ಲ.

ಎರಡನೆಯ ಕಾರಣವೂ ಇದೆ. ಕಲಿತ ಎಂಜಿನಿಯರು ಆ ಕಂಪನಿಯಲ್ಲೇ ಉಳಿಯುವುದಿಲ್ಲ. ಆತ ಇನ್ನೊಂದು ಕಡೆ ಸೇರುತ್ತಾನೆ, ಇಲ್ಲವೇ ಸ್ವಂತ ಸಂಸ್ಥೆ ಕಟ್ಟುತ್ತಾನೆ. ದೇಶಕ್ಕೆ ಇದು ಲಾಭ, ಕಲಿಸಿದ ಕಂಪನಿಗೆ ನಷ್ಟ. ತನಗೆ ದಕ್ಕದ ಲಾಭಕ್ಕಾಗಿ ಯಾರೂ ಬಂಡವಾಳ ಹಾಕುವುದಿಲ್ಲವಾದ್ದರಿಂದ ಆ ಅಂತರವನ್ನು ತುಂಬುವುದು ಸಾರ್ವಜನಿಕ ಹಣದ ಕೆಲಸವಾಗುತ್ತದೆ. ಸಬ್ಸಿಡಿ ಕೊಳ್ಳಬೇಕಾದದ್ದು ಈ ಕಲಿಕೆಯನ್ನು, ಕಟ್ಟಡವನ್ನಲ್ಲ. ಮುಂದಿನ ಹಲವು ಉತ್ತರಗಳಲ್ಲಿ ನಾನು ಇದೇ ಅಳತೆಗೋಲನ್ನು ಹಿಡಿಯುತ್ತೇನೆ.

ಅಮೆರಿಕದ ಸಿಲಿಕಾನ್ ವ್ಯಾಲಿ ಸರ್ಕಾರದ ಹಂಗಿಲ್ಲದೆ ಬೆಳೆಯಿತಲ್ಲ?

ಹಂಗು ಇತ್ತು, ಆದರೆ ಅದು ಗಿರಾಕಿಯ ರೂಪದಲ್ಲಿತ್ತು. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳನ್ನೆಲ್ಲ, ಅಂದರೆ ಚಿಪ್‌ಗಳನ್ನೆಲ್ಲ, ಕೊಂಡದ್ದು ಸರ್ಕಾರವೇ. ಮಿನಿಟ್‌ಮನ್ ಕ್ಷಿಪಣಿಗೂ ಚಂದ್ರಯಾನದ ಅಪೋಲೋ ನೌಕೆಯ ಗಣಕಕ್ಕೂ ಅವು ಬೇಕಾಗಿದ್ದವು. ಆಗ ಒಂದರ ಸರಾಸರಿ ಬೆಲೆ 50 ಡಾಲರ್. 1968ರ ಹೊತ್ತಿಗೆ ಅದು ಎರಡೂವರೆ ಡಾಲರಿಗಿಂತ ಕೆಳಗಿಳಿದಿತ್ತು, ಸರ್ಕಾರದ ಖರೀದಿಯ ಪಾಲು ಶೇ 40ಕ್ಕಿಂತ ಕಡಿಮೆಯಾಗಿತ್ತು. ಉಳಿದದ್ದನ್ನು ಮಾರುಕಟ್ಟೆಯೇ ಕೊಳ್ಳತೊಡಗಿತ್ತು.

ಇಲ್ಲಿ ಕಡೆಗಣಿಸಬಾರದ ಸಂಗತಿಯೊಂದಿದೆ. ಅಮೆರಿಕದ ಸೇನೆ ಒಂದೇ ಪೂರೈಕೆದಾರನನ್ನು ನೆಚ್ಚಿಕೊಳ್ಳುತ್ತಿರಲಿಲ್ಲ. ಅದೇ ಚಿಪ್ಪನ್ನು ಇನ್ನೊಂದು ಕಂಪನಿಯೂ ತಯಾರಿಸಬಲ್ಲದಾಗಿರಬೇಕು ಎಂದು ಕೇಳುತ್ತಿತ್ತು. ಹಾಗಾಗಿ ಸರ್ಕಾರದ ಹಣ ಹರಿದಲ್ಲೆಲ್ಲ ಒಬ್ಬ ಪ್ರತಿಸ್ಪರ್ಧಿಯೂ ಹುಟ್ಟಿದ. ಕೊಡುವ ಕೈಯೇ ಪೈಪೋಟಿಯನ್ನು ಕಾಯುವುದು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಈ ಉದ್ಯಮದಲ್ಲಿಲ್ಲ.

## ಪೈಪೋಟಿಯ ಸುತ್ತ

ಪೈಪೋಟಿ ಜಾಸ್ತಿಯಾದರೆ ಹೊಸ ಶೋಧ ಜಾಸ್ತಿಯಾಗುತ್ತದೋ, ಇಲ್ಲ ಎಲ್ಲರೂ ಬೆಲೆ ಇಳಿಸಿ ಇಳಿಸಿ ಸಂಶೋಧನೆಗೆ ದುಡ್ಡೇ ಉಳಿಯುವುದಿಲ್ಲವೋ?

ಅರ್ಥಶಾಸ್ತ್ರಜ್ಞರು ಇದನ್ನೇ ಎಂಬತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ದೊಡ್ಡ ಕಂಪನಿಗೆ ಲಾಭವಿದ್ದರೆ ತಾನೇ ಅದು ಶೋಧಕ್ಕೆ ಕೈಹಾಕುವುದು ಎಂಬ ನಿಲುವು 1942ರಲ್ಲಿ ಜೋಸೆಫ್ ಶುಂಪೀಟರ್ ಅವರದು. ಈಗಾಗಲೇ ಮಾರುಕಟ್ಟೆಯನ್ನು ಆಳುತ್ತಿರುವವನು ಹೊಸದನ್ನು ತಂದರೆ ತನ್ನದೇ ಹಳೆಯ ಲಾಭಕ್ಕೆ ಕತ್ತರಿ ಹಾಕಿಕೊಂಡಂತೆ, ಆದ್ದರಿಂದ ಅವನಿಗೆ ಆತುರವಿರದು ಎಂದವರು 1962ರಲ್ಲಿ ಕೆನೆತ್ ಆರೋ. ಇಬ್ಬರ ಮಾತಿಗೂ ಜಾಗವಿದೆ ಎಂದು ಫಿಲಿಪ್ ಅಗಿಯೋಂ ಮತ್ತು ಸಹೋದ್ಯೋಗಿಗಳು 2005ರಲ್ಲಿ ಬ್ರಿಟನ್ನಿನ ಕಂಪನಿಗಳ ಅಂಕಿಅಂಶ ಇಟ್ಟು ತೋರಿಸಿದರು. ಪೈಪೋಟಿ ಏರುತ್ತಿದ್ದಂತೆ ಶೋಧವೂ ಏರುತ್ತದೆ, ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತದೆ. ನಕ್ಷೆಯಲ್ಲಿ ಅದು ಬೋರಲು ಬೋಗುಣಿಯಂತೆ ಕಾಣುತ್ತದೆ. 2025ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅಗಿಯೋಂ ಮತ್ತು ಪೀಟರ್ ಹೋವಿಟ್ ಅವರಿಗೆ ಅರ್ಧ ಪಾಲು ಬಂದದ್ದು ಹೊಸದು ಹಳೆಯದನ್ನು ಕೆಡವಿ ಬೆಳೆಯುವ ಈ ಕ್ರಿಯೆಯ ಮೇಲಿನ ಕೆಲಸಕ್ಕಾಗಿ; ಉಳಿದರ್ಧ ಜೋಯೆಲ್ ಮೊಕೀರ್ ಅವರದು.

ಯಾರು ಯಾರ ಬೆನ್ನಿಗಿದ್ದಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹೆಗಲೆಣೆಯಾಗಿ ಓಡುತ್ತಿರುವ ಇಬ್ಬರು ಒಬ್ಬರನ್ನೊಬ್ಬರು ಹಿಂದೆ ಹಾಕಲು ಶೋಧದ ಮೊರೆ ಹೋಗುತ್ತಾರೆ. ಬಹಳ ಹಿಂದೆ ಬಿದ್ದವನು ಪೈಪೋಟಿ ಬಿಗಿಯಾದಂತೆ ಓಟವನ್ನೇ ಬಿಟ್ಟುಬಿಡುತ್ತಾನೆ. ಕಂಪ್ಯೂಟರ್ ಪ್ರೊಸೆಸರ್‌ಗಳಲ್ಲಿ ಹೇಳಿಕೊಳ್ಳುವಂಥ ಎದುರಾಳಿಯೇ ಇಲ್ಲದಿದ್ದ ವರ್ಷಗಳಲ್ಲೇ ಇಂಟೆಲ್‌ನ 10 ನ್ಯಾನೋಮೀಟರ್ ತಂತ್ರಜ್ಞಾನ ವರ್ಷಗಟ್ಟಲೆ ತಡವಾಗಿ, ತೈವಾನಿನ ಟಿಎಸ್‌ಎಂಸಿ ಅದನ್ನು ದಾಟಿ ಹೋದದ್ದು ಕೇವಲ ಕಾಕತಾಳೀಯವೆಂದು ನನಗನ್ನಿಸುವುದಿಲ್ಲ.

ಎಎಸ್‌ಎಂಎಲ್ ಒಂದೇ ಕಂಪನಿ ಆ ದೊಡ್ಡ ಯಂತ್ರ ಮಾಡುತ್ತದಂತೆ. ಅಲ್ಲಿ ಪೈಪೋಟಿಯೇ ಇಲ್ಲದೆ ಶೋಧ ಹೇಗೆ ನಡೆಯಿತು?

ಇಂದು ಪೈಪೋಟಿಯಿಲ್ಲ ಎಂದ ಮಾತ್ರಕ್ಕೆ ನಿನ್ನೆಯೂ ಇರಲಿಲ್ಲ ಎಂದಲ್ಲ. ಬಿಲ್ಲೆಯ ಮೇಲೆ ಚಿಪ್ ಅಚ್ಚೊತ್ತುವ ಯಂತ್ರ ಮಾಡುವ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಜಪಾನಿನ ನಿಕಾನ್, ಕ್ಯಾನನ್‌ಗಳೊಂದಿಗೆ ದಶಕಗಳ ಕಾಲ ಸೆಣಸಿಯೇ ಮುಂದೆ ಬಂದದ್ದು. ಅತಿ ಸೂಕ್ಷ್ಮ ತರಂಗದ ಇಯುವಿ ಬೆಳಕಿನಿಂದ ಚಿಪ್ ಅಚ್ಚೊತ್ತುವ ತಂತ್ರಕ್ಕೆ ಅಡಿಪಾಯ ಬಿದ್ದದ್ದು ಅಮೆರಿಕದ ಸರ್ಕಾರಿ ಪ್ರಯೋಗಾಲಯಗಳಾದ ಲಾರೆನ್ಸ್ ಲಿವರ್‌ಮೋರ್, ಸ್ಯಾಂಡಿಯಾ ಮತ್ತು ಬರ್ಕ್‌ಲಿಗಳಲ್ಲಿ. ಅದಕ್ಕೆ 1997ರಿಂದ ಹಣ ಕೊಟ್ಟದ್ದು ಇಂಟೆಲ್ ಮುಂದಾಳತ್ವದ ಕಂಪನಿಗಳ ಕೂಟ. ಕೆಲಸ ಎಳೆಯುತ್ತ ಹೋದಾಗ 2012ರಲ್ಲಿ ಇಂಟೆಲ್, ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಮೂರೂ ಎಎಸ್‌ಎಂಎಲ್‌ನಲ್ಲಿ ಷೇರು ಕೊಂಡು ಸಂಶೋಧನೆಗೆ ಹಣ ಸುರಿದವು. ಮಾರುಕಟ್ಟೆಯಲ್ಲಿ ಹಾವು ಮುಂಗುಸಿಯಂತಿದ್ದ ಮೂವರೂ ಒಂದೇ ಯಂತ್ರಕ್ಕಾಗಿ ಒಟ್ಟಾದರು ಎನ್ನುವುದು ಗಮನಿಸಬೇಕಾದ ಮಾತು.

ಜಪಾನ್, ತೈವಾನ್ ಗೆದ್ದದ್ದು ಸರ್ಕಾರದ ದುಡ್ಡಿನಿಂದಲೇ ಅಲ್ಲವೇ? ಹಾಗಾದರೆ ನಾವೂ ಹಾಗೇ ಮಾಡಬಹುದಲ್ಲ?

ದುಡ್ಡು ಇತ್ತು, ಆದರೆ ಕೊಟ್ಟ ರೀತಿಯನ್ನು ನೋಡಬೇಕು. ಜಪಾನ್ 1976ರಲ್ಲಿ ಆರಂಭಿಸಿದ ವಿಎಲ್‌ಎಸ್‌ಐ (ಒಂದೇ ಚಿಪ್ಪಿನಲ್ಲಿ ಅಪಾರ ಸಂಖ್ಯೆಯ ಬಿಡಿಭಾಗ ಕೂರಿಸುವ ತಂತ್ರ) ಯೋಜನೆಯಲ್ಲಿ ಫ್ಯುಜಿತ್ಸು, ಹಿಟಾಚಿ, ಮಿತ್ಸುಬಿಷಿ, ಎನ್‌ಇಸಿ, ತೋಷಿಬಾ ಎಂಬ ಐದು ಕಂಪನಿಗಳು ನಾಲ್ಕು ವರ್ಷ ಜೊತೆಗೂಡಿ ಕೆಲಸ ಮಾಡಿದವು. ಒಟ್ಟು ಸುಮಾರು 70 ಶತಕೋಟಿ ಯೆನ್ ವೆಚ್ಚದಲ್ಲಿ ಸರ್ಕಾರದ್ದು ಐದರಲ್ಲಿ ಎರಡು ಪಾಲು, ಉಳಿದದ್ದು ಕಂಪನಿಗಳದೇ. ಎಲ್ಲರಿಗೂ ಬೇಕಾದ ಯಂತ್ರ, ವಸ್ತು, ಅಳತೆಯ ವಿಧಾನಗಳನ್ನು ಒಟ್ಟಿಗೆ ಕಲಿತರು, ಕಲಿತ ಮರುದಿನವೇ ಮಾರುಕಟ್ಟೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. 1985ರಲ್ಲಿ ಇಂಟೆಲ್ ಮೆಮೊರಿ ಚಿಪ್ ತಯಾರಿಕೆಯನ್ನೇ ಕೈಬಿಡುವಂತೆ ಮಾಡಿದ್ದು ಈ ಐವರ ಒಳಜಗಳದ ಬಿಸಿ. ಅಮೆರಿಕ ಅದಕ್ಕೆ ಉತ್ತರವಾಗಿ 1987ರಲ್ಲಿ 14 ಕಂಪನಿಗಳನ್ನು ಸೇರಿಸಿ ಸೆಮಾಟೆಕ್ ಎಂಬ ಜಂಟಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿತು. ವರ್ಷಕ್ಕೆ 10 ಕೋಟಿ ಡಾಲರ್ ಸರ್ಕಾರದ್ದು, ಅಷ್ಟೇ ಕಂಪನಿಗಳದ್ದು. 1996ರ ಹೊತ್ತಿಗೆ ಸರ್ಕಾರದ ಹಣ ಬೇಡವೆಂದು ಸಂಸ್ಥೆಯೇ ಹೇಳಿತು. ಸಬ್ಸಿಡಿಯ ಚರಿತ್ರೆಯಲ್ಲಿ ಹೀಗೆ ಹೇಳಿದವರು ಬೆರಳೆಣಿಕೆಯಷ್ಟು.

ತೈವಾನಿನ ದಾರಿ ಬೇರೆ. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ತಂತ್ರಜ್ಞಾನವನ್ನು ಕೊಂಡು, ಐಟಿಆರ್‌ಐ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯ ಎಂಜಿನಿಯರುಗಳನ್ನು ಅಲ್ಲಿಗೆ ತರಬೇತಿಗೆ ಕಳಿಸಿದರು. ಹತ್ತು ವರ್ಷ ಪಳಗಿದ ಮೇಲೆ, 1987ರಲ್ಲಿ, ಮಾರಿಸ್ ಚಾಂಗ್ ನೇತೃತ್ವದಲ್ಲಿ ಟಿಎಸ್‌ಎಂಸಿ ಹುಟ್ಟಿತು. ಆರಂಭದ ಬಂಡವಾಳದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಸರ್ಕಾರದ್ದು, ಶೇ 27.5 ಫಿಲಿಪ್ಸ್‌ನದು. ಸ್ವಂತ ಚಿಪ್ ಮಾಡದೆ ಬೇರೆಯವರ ವಿನ್ಯಾಸವನ್ನು ಮಾತ್ರ ತಯಾರಿಸಿಕೊಡುವ ವ್ಯವಹಾರ ಅದು. ಮೊದಲ ದಿನದಿಂದ ಅದು ಹೊರದೇಶದ ಗಿರಾಕಿಗಳನ್ನು ಒಲಿಸಿಕೊಳ್ಳಬೇಕಿತ್ತು. ಒಳನಾಡಿನ ರಕ್ಷಿತ ಮಾರುಕಟ್ಟೆ ಅದಕ್ಕೆ ಇರಲಿಲ್ಲ. ನಾವು ನಕಲು ಮಾಡುವುದಾದರೆ ಚೆಕ್ಕಿನ ಮೊತ್ತಕ್ಕಿಂತ ಆ ಹತ್ತು ವರ್ಷಗಳ ತಯಾರಿಯನ್ನು ನಕಲು ಮಾಡಬೇಕು.

ಒಬ್ಬರನ್ನೇ ಆರಿಸಿ ದೊಡ್ಡದು ಮಾಡುವುದು ವಾಸಿಯೋ, ಹತ್ತು ಜನಕ್ಕೆ ಹಂಚುವುದು ವಾಸಿಯೋ?

1998ರಿಂದ 2007ರವರೆಗಿನ ಚೀನಾದ ಮಧ್ಯಮ ಮತ್ತು ದೊಡ್ಡ ಕಂಪನಿಗಳ ಮಾಹಿತಿಯನ್ನು ಅಗಿಯೋಂ ಮತ್ತು ಸಂಗಡಿಗರು 2015ರಲ್ಲಿ ವಿಶ್ಲೇಷಿಸಿದ್ದಾರೆ. ಈಗಾಗಲೇ ಪೈಪೋಟಿ ಇರುವ ವಲಯಕ್ಕೆ, ಹಲವು ಕಂಪನಿಗಳಿಗೆ ಹಂಚಿ ಕೊಟ್ಟ ಸಬ್ಸಿಡಿ ಉತ್ಪಾದಕತೆಯನ್ನು ಹೆಚ್ಚಿಸಿತು ಎನ್ನುವುದು ಅವರ ಮುಖ್ಯ ಫಲಿತಾಂಶ.

ಆದರೆ ಚಿಪ್ ತಯಾರಿಕೆಯಲ್ಲಿ ಹಂಚಿಕೆಗೂ ಮಿತಿಯಿದೆ. ಒಂದು ಮುಂಚೂಣಿಯ ಫ್ಯಾಬ್‌ಗೆ ಸಾವಿರಾರು ಕೋಟಿ ಡಾಲರಿನ ಮಾತು ಬರುವಾಗ ಹತ್ತು ಜನಕ್ಕೆ ಹಂಚುವುದೆಂದರೆ ಹತ್ತೂ ಕಡೆ ಅರ್ಧ ಗೋಡೆ ಎಬ್ಬಿಸಿದಂತೆ. ಚೀನಾ 2014ರಲ್ಲಿ ಸುಮಾರು 139 ಶತಕೋಟಿ ಯುವಾನ್, 2019ರಲ್ಲಿ 204 ಶತಕೋಟಿ, 2024ರಲ್ಲಿ 344 ಶತಕೋಟಿ ಯುವಾನ್ ಬಂಡವಾಳದ ರಾಷ್ಟ್ರೀಯ ನಿಧಿಗಳನ್ನು ಕಟ್ಟಿತು. ಅದಕ್ಕೆ ಸೇರಿ ನಗರಗಳೂ ಪ್ರಾಂತ್ಯಗಳೂ ತಮ್ಮ ತಮ್ಮ ಫ್ಯಾಬ್‌ಗಳಿಗೆ ಹಣ ಹೂಡಿದವು. ವುಹಾನ್ ನಗರದ ಹಾಂಗ್‌ಶಿನ್ ಎಂಬ ಯೋಜನೆ 2017ರಲ್ಲಿ ಭಾರಿ ಸದ್ದು ಮಾಡಿ, ಒಂದೇ ಒಂದು ಚಿಪ್ ಮಾರದೆ ನಾಲ್ಕೇ ವರ್ಷಗಳಲ್ಲಿ ಕುಸಿದುಬಿತ್ತು. ನನ್ನ ಅಭಿಪ್ರಾಯದಲ್ಲಿ ಫ್ಯಾಬ್‌ಗಳ ಸಂಖ್ಯೆ ಕಡಿಮೆಯಿರಲಿ, ಆ ಫ್ಯಾಬ್‌ಗಳನ್ನು ಬಳಸುವ ವಿನ್ಯಾಸ ಕಂಪನಿಗಳೂ ಅವಕ್ಕೆ ಅನಿಲ, ರಾಸಾಯನಿಕ, ಬಿಡಿಭಾಗ ಒದಗಿಸುವವರೂ ಹಲವರಿರಲಿ. ಪೈಪೋಟಿಯನ್ನು ಅಗ್ಗವಾಗಿ ಬೆಳೆಸಬಹುದಾದ ಜಾಗ ಅದು.

## ಕೈ ಸುಟ್ಟುಕೊಂಡ ಕಥೆಗಳು

ದುಡ್ಡು ತಗೊಂಡು ಕಂಪನಿ ಬಾಗಿಲು ಹಾಕಿದರೆ ಯಾರನ್ನು ಕೇಳುವುದು?

ಒಂದೇ ಕಾಲದ ಎರಡು ಸಾಲಗಳನ್ನು ನೋಡಿ. ಅಮೆರಿಕದ ಇಂಧನ ಇಲಾಖೆ 2009ರಲ್ಲಿ ಸೊಲಿಂಡ್ರಾ ಎಂಬ ಸೌರಫಲಕ ಕಂಪನಿಗೆ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತು. 2011ರಲ್ಲಿ ಕಂಪನಿ ದಿವಾಳಿಯಾಯಿತು. ಅದೇ ಇಲಾಖೆ 2010ರಲ್ಲಿ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. 2013ರಲ್ಲಿ ಅದು ಬಡ್ಡಿಸಮೇತ ವಾಪಸು ಬಂತು. ಮುಳುಗಿದ್ದು ಪೂರ್ತಿ ತೆರಿಗೆದಾರನದು, ಗೆದ್ದಲ್ಲಿ ಬಂದದ್ದು ಬರೀ ಅಸಲು ಬಡ್ಡಿ. ಇಂಥ ವ್ಯವಹಾರದಲ್ಲಿ ಕೆಲವು ಸೋಲು ಅನಿವಾರ್ಯ. ಸೋಲನ್ನು ಗೆಲುವು ತುಂಬಿಕೊಡುವಂತೆ ಒಪ್ಪಂದ ಬರೆಯದಿರುವುದು ಮಾತ್ರ ಅನಿವಾರ್ಯವಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ್ದು ಇನ್ನೊಂದು ಬಗೆ. ಫಾಕ್ಸ್‌ಕಾನ್ 2017ರಲ್ಲಿ 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂದಿತ್ತು. 2021ರ ಹೊಸ ಒಪ್ಪಂದದಲ್ಲಿ ಅದು 67.2 ಕೋಟಿ ಡಾಲರ್, 1,454 ಉದ್ಯೋಗಕ್ಕೆ ಇಳಿಯಿತು. ರಾಜ್ಯದ ತೆರಿಗೆ ರಿಯಾಯಿತಿ ಉದ್ಯೋಗಕ್ಕೆ ತಳುಕು ಹಾಕಿಕೊಂಡಿದ್ದರಿಂದ ದೊಡ್ಡ ಮೊತ್ತ ಬೊಕ್ಕಸದಲ್ಲೇ ಉಳಿಯಿತು. ಆದರೆ ಮೌಂಟ್ ಪ್ಲೆಸೆಂಟ್ ಎಂಬ ಊರಿನವರು ಜಮೀನು ಕೊಂಡು, ಮನೆಗಳನ್ನು ಕೆಡವಿ, ರಸ್ತೆ ನೀರು ಎಳೆದದ್ದಕ್ಕೆ ಆದ ಖರ್ಚು ಮೊದಲೇ ಆಗಿಹೋಗಿತ್ತು. ಷರತ್ತು ಬರೆಯುವವರು ಮರೆಯುವುದು ಈ ಸುತ್ತಲಿನ ಖರ್ಚನ್ನೇ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಸುಮಾರು 1,000 ಕೋಟಿ ಯೂರೋ ನೆರವಿನ ಭರವಸೆಯಿದ್ದರೂ ಇಂಟೆಲ್ 2025ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ವೇದಾಂತ ಮತ್ತು ಫಾಕ್ಸ್‌ಕಾನ್ ಜಂಟಿ ಯೋಜನೆ 2023ರ ಜುಲೈನಲ್ಲಿ ಮುರಿದುಬಿದ್ದಾಗ ಕೇಂದ್ರದ ನೆರವು ಇನ್ನೂ ಮಂಜೂರಾಗಿರಲಿಲ್ಲ.

ಮೊಹಾಲಿ ಫ್ಯಾಕ್ಟರಿಗೆ ಬೆಂಕಿ ಬೀಳದಿದ್ದರೆ ಭಾರತ ಇವತ್ತು ತೈವಾನ್ ಆಗಿರುತ್ತಿತ್ತಂತೆ, ಹೌದಾ?

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾರ್ವಜನಿಕ ವಲಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ 1984ರಲ್ಲಿ ಮೊಹಾಲಿಯಲ್ಲಿ ಉತ್ಪಾದನೆ ಆರಂಭಿಸಿದ್ದೂ ನಿಜ, ಆಗ ನಾವು ಜಗತ್ತಿಗಿಂತ ತೀರಾ ಹಿಂದೆ ಇರಲಿಲ್ಲ ಎನ್ನುವುದೂ ನಿಜ. 1989ರ ಫೆಬ್ರುವರಿಯಲ್ಲಿ ಬೆಂಕಿ ಬಿತ್ತು; ಮತ್ತೆ ಚೇತರಿಸಿಕೊಳ್ಳಲು 1997ರವರೆಗೆ ಬೇಕಾಯಿತು.

ಬೆಂಕಿಗಿಂತ ಆ ಎಂಟು ವರ್ಷಗಳ ಬಗ್ಗೆ ನನಗೆ ಹೆಚ್ಚು ಆಕ್ಷೇಪವಿದೆ. ಪೈಪೋಟಿಯಲ್ಲಿರುವ ಕಂಪನಿಗೆ ಎಂಟು ವರ್ಷ ಬಾಗಿಲು ಹಾಕಿ ಬದುಕಲು ಸಾಧ್ಯವೇ ಇಲ್ಲ. ಇಲ್ಲಿ ಬದುಕಿದ್ದು ಕೇಳುವ ಗಿರಾಕಿಯೂ ಕಾಡುವ ಎದುರಾಳಿಯೂ ಇಲ್ಲದಿದ್ದುದರಿಂದ. ಅದಕ್ಕೂ ಹಿಂದೆ, 1962ರಲ್ಲೇ, ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತ್ತು. ನಮ್ಮಲ್ಲಿ ಕೈಯ ಕಸುಬಿಗೆ ಎಂದೂ ಕೊರತೆ ಇರಲಿಲ್ಲ. ಆ ಕಸುಬನ್ನು ಹೊರಗಿನ ಮಾರುಕಟ್ಟೆಯಲ್ಲಿ ಒರೆಗೆ ಹಚ್ಚುವ ಒತ್ತಡ ಇರಲಿಲ್ಲ.

## ನಮ್ಮ ದೇಶ, ನಮ್ಮ ರಾಜ್ಯ

ಒಂದು ಕೆಲಸಕ್ಕೆ ಮೂರು ಕೋಟಿ ರೂಪಾಯಿ ಸಬ್ಸಿಡಿಯಂತೆ. ಇದು ನಿಜವಾ?

2024ರ ಜೂನ್‌ನಲ್ಲಿ ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಖಾತೆ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಎಚ್.ಡಿ. ಕುಮಾರಸ್ವಾಮಿ ಬೆಂಗಳೂರಿನಲ್ಲಿ ಈ ಲೆಕ್ಕವನ್ನು ಎತ್ತಿದ್ದರು. ವಿವಾದವಾದ ಮೇಲೆ ಸ್ಪಷ್ಟನೆಯನ್ನೂ ಕೊಟ್ಟರು. ಭಾಗಾಕಾರ ತಪ್ಪೇನಿಲ್ಲ. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಂಪನಿಯ ಜೋಡಣೆ ಮತ್ತು ಪರೀಕ್ಷಾ ಘಟಕದ ಒಟ್ಟು ವೆಚ್ಚ 275 ಕೋಟಿ ಡಾಲರ್. ಕೇಂದ್ರ ಶೇ 50, ಗುಜರಾತ್ ಶೇ 20, ಕಂಪನಿ ಶೇ 30, ಅಂದರೆ 82.5 ಕೋಟಿ ಡಾಲರ್. ಸರ್ಕಾರಗಳ ಪಾಲಾದ 192.5 ಕೋಟಿ ಡಾಲರನ್ನು ಕಂಪನಿ ಹೇಳಿದ 5,000 ನೇರ ಉದ್ಯೋಗಗಳಿಗೆ ಭಾಗಿಸಿದರೆ ಆಗಿನ ದರದಲ್ಲಿ ತಲಾ 3.2 ಕೋಟಿ ರೂಪಾಯಿ ಆಸುಪಾಸು ಬರುತ್ತದೆ.

ಸಮರ್ಥಕರು 15,000 ಪರೋಕ್ಷ ಉದ್ಯೋಗಗಳನ್ನು ಸೇರಿಸಿ ಲೆಕ್ಕ ಹಾಕಿ ಎನ್ನುತ್ತಾರೆ. ನನಗೆ ಎರಡೂ ಕಡೆಯವರು ತಪ್ಪು ತಕ್ಕಡಿ ಹಿಡಿದಂತೆ ತೋರುತ್ತದೆ. ಉದ್ಯೋಗವೇ ಗುರಿಯಾಗಿದ್ದರೆ ಗಾರ್ಮೆಂಟ್ಸ್‌ಗೆ ಕೊಟ್ಟ ಹಣ ಇದರ ಹತ್ತಾರು ಪಟ್ಟು ಜನರಿಗೆ ಕೆಲಸ ಕೊಡುತ್ತದೆ; ಅದರಲ್ಲಿ ಅನುಮಾನವೇ ಇಲ್ಲ. ಚಿಪ್ ಘಟಕವನ್ನು ಅಳೆಯಬೇಕಾದದ್ದು ಅಲ್ಲಿ ಕಲಿತವರು ಮುಂದೆ ಏನು ಕಟ್ಟುತ್ತಾರೆ, ಸುತ್ತ ಎಷ್ಟು ಪೂರೈಕೆದಾರರು ಹುಟ್ಟುತ್ತಾರೆ, ಎರಡನೆಯ ಘಟಕಕ್ಕೆ ಎಷ್ಟು ಕಡಿಮೆ ಸಬ್ಸಿಡಿ ಸಾಕಾಗುತ್ತದೆ ಎನ್ನುವುದರಿಂದ. ಅಂಥ ಲೆಕ್ಕವನ್ನು ಕೊಡುವ ಹೊಣೆ ಹಣ ಪಡೆದವರದೂ ಕೊಟ್ಟವರದೂ ಹೌದು. ಅದನ್ನು ಕೊಡದಿರುವವರೆಗೂ ಜನರು ತಲೆಗೆಷ್ಟು ಎಂದು ಭಾಗಾಕಾರ ಮಾಡುವುದನ್ನು ತಪ್ಪೆನ್ನಲಾಗದು.

ಎಂಜಿನಿಯರುಗಳು ಬೆಂಗಳೂರಲ್ಲಿ, ಫ್ಯಾಕ್ಟರಿಗಳು ಗುಜರಾತಲ್ಲಿ. ಕರ್ನಾಟಕಕ್ಕೆ ಅನ್ಯಾಯ ಆಗಿಲ್ಲವಾ?

ಹೊಟ್ಟೆಯುರಿ ಸಹಜವೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಈ ಊರು ಚಿಪ್ ವಿನ್ಯಾಸದ ತವರು. ಆದರೂ 91,000 ಕೋಟಿ ರೂಪಾಯಿಗಳ ಟಾಟಾ ಫ್ಯಾಬ್ ಗುಜರಾತಿನ ಧೋಲೇರಾಕ್ಕೆ ಹೋಯಿತು, 27,000 ಕೋಟಿಯ ಇನ್ನೊಂದು ಘಟಕ ಅಸ್ಸಾಮಿನ ಜಾಗಿರೋಡ್‌ಗೆ ಹೋಯಿತು. ಮೈಸೂರಿನ ಕೇನ್ಸ್ ಕಂಪನಿಯೇ ತನ್ನ ಚಿಪ್ ಜೋಡಣೆಯ ಘಟಕವನ್ನು ಸಾನಂದದಲ್ಲಿ ಕಟ್ಟಿತು. ಮೈಸೂರು ಬಳಿಯ ಕೋಚನಹಳ್ಳಿಯಲ್ಲಿ ಐಎಸ್‌ಎಂಸಿ ಎಂಬ ಕೂಟ 300 ಕೋಟಿ ಡಾಲರಿನ ಫ್ಯಾಬ್ ಕಟ್ಟಲು 2022ರಲ್ಲಿ ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅದರ ತಂತ್ರಜ್ಞಾನ ಪಾಲುದಾರ ಟವರ್ ಕಂಪನಿಯನ್ನು ಇಂಟೆಲ್ ಕೊಳ್ಳಹೊರಟಿದ್ದರಿಂದ ಕೆಲಸ ನಿಂತು, 2023ರ ಆಗಸ್ಟ್‌ನಲ್ಲಿ ಆ ಖರೀದಿಯೇ ಬಿದ್ದುಹೋಯಿತು.

ಆದರೆ ರಾಜ್ಯಗಳು ಒಂದರ ಮೇಲೊಂದು ಬಿದ್ದು ಸಬ್ಸಿಡಿ ಹರಾಜು ಕೂಗಿದರೆ ಲಾಭ ಕಂಪನಿಗೇ ಹೊರತು ದೇಶಕ್ಕಲ್ಲ. ಕಾರ್ಖಾನೆ ಎಲ್ಲಿದ್ದರೂ ಕೇಂದ್ರದ ಶೇ 50 ಅಷ್ಟೇ. ಮೇಲಿನ ಪಾಲು ಜಾಗವನ್ನು ಬದಲಿಸುತ್ತದೆ, ದೇಶದಲ್ಲಿ ಆಗುವ ಕಲಿಕೆಯನ್ನು ಹೆಚ್ಚಿಸುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಒಂದು ದೇಶ ತನ್ನ ಕಂಪನಿಗೆ ನೆರವು ಕೊಡಬೇಕಾದರೆ ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಆಡಳಿತದ ಒಪ್ಪಿಗೆ ಬೇಕು. ನಮ್ಮಲ್ಲಿ ರಾಜ್ಯಗಳ ನಡುವೆ ಅಂಥ ಅಂಕುಶವಿಲ್ಲ. ಸೊಗಸಾದ ಅಡುಗೆಮನೆ ಪಕ್ಕದ ರಾಜ್ಯದಲ್ಲಿರಲಿ, ಅಡುಗೆಯ ಪಾಕ, ಅಂದರೆ ಚಿಪ್ಪಿನ ವಿನ್ಯಾಸ, ನಮ್ಮದಾಗಿದ್ದರೆ ನನಗೆ ಸಾಕು. ನನ್ನ ಚಿಂತೆಯೆಲ್ಲ ಆ ಪಾಕ ನಮ್ಮದಾಗಿದೆಯೇ ಎನ್ನುವುದರ ಬಗ್ಗೆ.

ಹಾಗಾದರೆ ಇಲ್ಲಿ ಚಿಪ್ ಡಿಸೈನ್ ಮಾಡುವ ಸಣ್ಣ ಕಂಪನಿಗೆ ಸರ್ಕಾರದಿಂದ ಏನು ಸಿಗುತ್ತದೆ?

ವಿನ್ಯಾಸಕ್ಕೆ ತಳುಕು ಹಾಕಿದ ಪ್ರೋತ್ಸಾಹ ಯೋಜನೆಯೊಂದಿದೆ. ಅರ್ಹ ವೆಚ್ಚದ ಅರ್ಧದವರೆಗೆ, ಅರ್ಜಿಯೊಂದಕ್ಕೆ ಗರಿಷ್ಠ 15 ಕೋಟಿ ರೂಪಾಯಿ. ಚಿಪ್ ಮಾರುಕಟ್ಟೆಗೆ ಬಂದ ಮೇಲೆ ಐದು ವರ್ಷ ಮಾರಾಟದ ಶೇ 6ರಿಂದ 4ರಷ್ಟು, ಗರಿಷ್ಠ 30 ಕೋಟಿ. ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಬಳಸಲು ಅವಕಾಶವೂ ಇದೆ.

ನಾನು ಬಲ್ಲ ಒಂದು ಪುಟ್ಟ ತಂಡವಿತ್ತು. ಬೆಂಗಳೂರಿನ ಒಂದು ಬಡಾವಣೆಯ ಎರಡನೆಯ ಮಹಡಿಯಲ್ಲಿ ಹದಿನಾಲ್ಕು ಜನ. ಒಂದೂವರೆ ವರ್ಷ ಬರೆದ ವಿನ್ಯಾಸವನ್ನು ವಿದೇಶದ ಫ್ಯಾಬ್‌ಗೆ ಕಳಿಸಿ ತಿಂಗಳುಗಟ್ಟಲೆ ಕಾದು, ಬಂದ ಪೊಟ್ಟಣ ಬಿಚ್ಚಿ ಬೋರ್ಡಿಗೆ ಕೂರಿಸಿದ ದಿನ ನಾನು ಅಲ್ಲಿದ್ದೆ. ವಿದ್ಯುತ್ ಹರಿಯಿತು, ಗಡಿಯಾರದ ಸಂಕೇತ ತೆರೆಯ ಮೇಲೆ ಮೂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆಯ ಹೊತ್ತಿಗೆ ಮೆಮೊರಿಯ ಒಂದು ಮೂಲೆ ಬಿಸಿಯಾದಾಗ ತಪ್ಪು ಓದುತ್ತದೆ ಎಂದು ಗೊತ್ತಾಯಿತು. ತಿದ್ದಿ ಮತ್ತೊಮ್ಮೆ ಅಚ್ಚು ಹಾಕಿಸಬೇಕೆಂದರೆ ಮಾಸ್ಕ್‌ಗಳ, ಅಂದರೆ ವಿನ್ಯಾಸವನ್ನು ಬಿಲ್ಲೆಯ ಮೇಲೆ ಮೂಡಿಸುವ ಅಚ್ಚುಫಲಕಗಳ, ವೆಚ್ಚವೆಲ್ಲ ಹೊಸದಾಗಿ ಕೊಡಬೇಕು. ಎರಡನೆಯ ಸಲಕ್ಕೆ ಹಣ ಹುಟ್ಟಲಿಲ್ಲ. ತಂಡ ಚದುರಿ ಬಹುರಾಷ್ಟ್ರೀಯ ಕಂಪನಿಗಳ ಪಾಲಾಯಿತು. ಅವರು ಇಂದಿಗೂ ಚಿಪ್ ವಿನ್ಯಾಸ ಮಾಡುತ್ತಿದ್ದಾರೆ, ಆದರೆ ಅದರ ಹಕ್ಕುಸ್ವಾಮ್ಯ ಹೊರದೇಶದ ಮೂಲ ಕಂಪನಿಯದು.

ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಐವರಲ್ಲೊಬ್ಬರು ಭಾರತದಲ್ಲಿದ್ದಾರೆ ಎಂದು ಸರ್ಕಾರ ಹೆಮ್ಮೆಯಿಂದ ಹೇಳುತ್ತದೆ. ಒಂದು ಫ್ಯಾಬ್‌ಗೆ ಹತ್ತಾರು ಸಾವಿರ ಕೋಟಿ ಎಲ್ಲಿ, ಒಂದು ವಿನ್ಯಾಸಕ್ಕೆ 15 ಕೋಟಿಯ ಮಿತಿ ಎಲ್ಲಿ! ಎರಡನೆಯ ಅಚ್ಚಿಗೆ ಹಣ ಕೊಡುವ ಒಂದು ನಿಧಿಯಿದ್ದರೆ, ನೂರು ತಂಡಗಳು ಪೈಪೋಟಿಗೆ ಇಳಿಯುತ್ತಿದ್ದವು. ತೊಂಬತ್ತು ಸೋತರೂ ಒಂದು ಫ್ಯಾಬ್‌ನ ವೆಚ್ಚದ ಮುಂದೆ ಆ ನಷ್ಟ ಬಹಳ ಸಣ್ಣದು.

## ಇನ್ನೂ ಆಳಕ್ಕೆ

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲಿ ಇದೆಲ್ಲ ನಿಷೇಧ ಅಲ್ಲವೇ?

ಪೂರ್ತಿ ನಿಷೇಧವಿಲ್ಲ. 1995ರಿಂದ ಜಾರಿಯಲ್ಲಿರುವ ಸಬ್ಸಿಡಿ ಒಪ್ಪಂದ ಎರಡನ್ನು ನೇರವಾಗಿ ನಿಷೇಧಿಸುತ್ತದೆ: ರಫ್ತು ಮಾಡಿದರೆ ಮಾತ್ರ ಕೊಡುವ ನೆರವು, ಸ್ವದೇಶಿ ಸರಕನ್ನೇ ಬಳಸಬೇಕೆಂಬ ಷರತ್ತಿನ ನೆರವು. ಸೌರಕೋಶಗಳಲ್ಲಿ ಸ್ವದೇಶಿ ಷರತ್ತು ಹಾಕಿ ಭಾರತ 2016ರಲ್ಲಿ ಅಮೆರಿಕದ ವಿರುದ್ಧ ಸೋತದ್ದಕ್ಕೆ ಸ್ವದೇಶಿ ಸರಕಿಗೇ ಮಣೆ ಹಾಕಿದ್ದು ಕಾರಣ. ಉಳಿದ ಸಬ್ಸಿಡಿಗಳಲ್ಲಿ ಇನ್ನೊಂದು ದೇಶಕ್ಕೆ ಹಾನಿಯಾಯಿತೆಂದು ಸಾಬೀತಾದರೆ ಮಾತ್ರ ಕ್ರಮ. ಸಂಶೋಧನೆಗೆ ಕೊಡುವ ನೆರವನ್ನು ಪ್ರಶ್ನಿಸುವಂತಿಲ್ಲ ಎಂಬ ವಿನಾಯಿತಿ ಮೊದಲಿತ್ತು. 1999ರ ಕೊನೆಗೆ ಅದರ ಅವಧಿ ಮುಗಿಯಿತು, ಯಾರೂ ನವೀಕರಿಸಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಸಬ್ಸಿಡಿಗೆ ಇದ್ದ ರಕ್ಷಣೆಯನ್ನೇ ಕೈಬಿಟ್ಟದ್ದು ವಿಚಿತ್ರ.

ನ್ಯಾಯ ಎಷ್ಟು ನಿಧಾನ ಎನ್ನುವುದಕ್ಕೆ ಏರ್‌ಬಸ್ ಮತ್ತು ಬೋಯಿಂಗ್ ಪ್ರಕರಣವಿದೆ. 2004ರಲ್ಲಿ ಆರಂಭವಾದ ಜಗಳದಲ್ಲಿ ಇಬ್ಬರದೂ ತಪ್ಪೆಂದು ತೀರ್ಪಾಗಿ, ಇಬ್ಬರೂ ಸುಂಕ ಹಾಕಿ, 2021ರಲ್ಲಿ ಐದು ವರ್ಷಗಳ ಕದನವಿರಾಮಕ್ಕೆ ಒಪ್ಪಿದರು. 2019ರ ಡಿಸೆಂಬರ್‌ನಿಂದ ಮೇಲ್ಮನವಿ ಪೀಠಕ್ಕೆ ಸದಸ್ಯರೇ ಸಾಲದೆ ಅದು ನಿಂತುಹೋಗಿದೆ.

ಎಲ್ಲ ದೇಶಗಳೂ ಪೈಪೋಟಿಗೆ ಬಿದ್ದು ಕೊಟ್ಟರೆ ಕೊನೆಗೆ ಯಾರಿಗೆ ಲಾಭ?

ಇಬ್ಬರೇ ಆಟಗಾರರಿರುವ ಮಾರುಕಟ್ಟೆಯಲ್ಲಿ ಒಂದು ಸರ್ಕಾರ ಸಬ್ಸಿಡಿ ಘೋಷಿಸಿದರೆ ಎದುರಾಳಿ ಹಿಂದೆ ಸರಿದು ಲಾಭವೆಲ್ಲ ಈ ಕಡೆ ಬರಬಹುದು ಎಂದು ಜೇಮ್ಸ್ ಬ್ರ್ಯಾಂಡರ್ ಮತ್ತು ಬಾರ್ಬರಾ ಸ್ಪೆನ್ಸರ್ 1980ರ ದಶಕದಲ್ಲಿ ತೋರಿಸಿದ್ದರು. ಅದೇ ಲೆಕ್ಕದ ಇನ್ನೊಂದು ಮಗ್ಗುಲೆಂದರೆ ಎರಡೂ ಸರ್ಕಾರಗಳು ಕೊಟ್ಟಾಗ ಇಬ್ಬರೂ ಕಟ್ಟುತ್ತಾರೆ, ಬೆಲೆ ಬೀಳುತ್ತದೆ, ಲಾಭ ಕೊಳ್ಳುವವನದು. ಅಮೆರಿಕದ 2022ರ ಚಿಪ್ಸ್ ಕಾಯ್ದೆ ತಯಾರಿಕೆಗೆ 39 ಶತಕೋಟಿ ಡಾಲರ್ ಎತ್ತಿಟ್ಟಿತು, ಐರೋಪ್ಯ ಒಕ್ಕೂಟ 43 ಶತಕೋಟಿ ಯೂರೋಗಳ ಯೋಜನೆ ತಂದಿತು, ಚೀನಾದ ನಿಧಿಗಳ ಮಾತು ಮೇಲೆ ಬಂತು. ಕಾರು, ಫ್ಯಾನು, ವಿದ್ಯುತ್ ಮೀಟರುಗಳಿಗೆ ಬಳಸುವ ಹಳೆಯ ತಲೆಮಾರಿನ ಚಿಪ್‌ಗಳಲ್ಲಿ ಚೀನಾ ಅಪಾರ ಸಾಮರ್ಥ್ಯ ಬೆಳೆಸುತ್ತಿದೆ. ಧೋಲೇರಾದ ಫ್ಯಾಬ್ ಇಳಿಯುತ್ತಿರುವ ಕಣವೂ ಬಹುಮಟ್ಟಿಗೆ ಅದೇ. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ಚಿಪ್‌ಗಳ ಮೇಲೆ ಸುಂಕದ ಗೋಡೆ ಎಬ್ಬಿಸುವಂತಿಲ್ಲ. ನನಗೆ ಇದು ವರವಾಗಿಯೇ ಕಾಣುತ್ತದೆ. ಗೋಡೆಯಿದ್ದಿದ್ದರೆ ಮೊಹಾಲಿಯ ಹಾದಿಯನ್ನೇ ಮತ್ತೆ ಹಿಡಿಯುವ ಆಸೆ ಹುಟ್ಟುತ್ತಿತ್ತು.

ಸುಮ್ಮನೆ ಕೊಡುವ ಬದಲು ಸರ್ಕಾರ ಷೇರು ತೆಗೆದುಕೊಳ್ಳಬಾರದೇ?

ತೆಗೆದುಕೊಳ್ಳಬಹುದು, ಹೇಗೆ ಎನ್ನುವುದರ ಮೇಲಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ, ಇಂಟೆಲ್‌ಗೆ ಕೊಡಬೇಕಿದ್ದ ಅನುದಾನವನ್ನೇ ಬಂಡವಾಳವಾಗಿ ತಿರುಗಿಸಿ 8.9 ಶತಕೋಟಿ ಡಾಲರಿಗೆ ಸುಮಾರು ಶೇ 10ರ ಪಾಲುದಾರನಾಯಿತು. ಇಂಟೆಲ್‌ನ ಎದುರಾಳಿಗಳಿಗೂ ಅದೇ ಸರ್ಕಾರ ಅನುದಾನ ಕೊಡುತ್ತದೆ, ರಫ್ತು ಪರವಾನಗಿ ಕೊಡುತ್ತದೆ, ಸುಂಕ ಹಾಕುತ್ತದೆ. ಅಂಪೈರು ಒಂದು ತಂಡದ ಮಾಲೀಕನೂ ಆದರೆ ಉಳಿದ ತಂಡಗಳು ಆಟದ ಮೇಲೆ ನಂಬಿಕೆ ಇಡುವುದು ಕಷ್ಟ. ಆಡಳಿತ ಮಂಡಳಿಯಲ್ಲಿ ತನಗೆ ಸ್ಥಾನವಿಲ್ಲ ಎಂದು ಸರ್ಕಾರ ಹೇಳಿದ್ದರೂ ಈ ಅನುಮಾನ ನೀಗುವುದಿಲ್ಲ.

ತೈವಾನ್ ಸರ್ಕಾರವೂ ಟಿಎಸ್‌ಎಂಸಿಯಲ್ಲಿ ಷೇರು ಹಿಡಿದೇ ಆರಂಭಿಸಿತ್ತು. ಆದರೆ ಅದು ಹೊಸದಾಗಿ ಹುಟ್ಟುತ್ತಿದ್ದ ಕಂಪನಿ. ಅಲ್ಲಿ ಕೆಡಿಸಲು ಹಳೆಯ ಪೈಪೋಟಿಯೇ ಇರಲಿಲ್ಲ. ಕಂಪನಿ ಕಾಲ ಮೇಲೆ ನಿಂತಂತೆ ಸರ್ಕಾರ ಷೇರುಗಳನ್ನು ಮಾರುತ್ತ ಬಂತು. ಅರ್ಧದ ಹತ್ತಿರವಿದ್ದ ಪಾಲು ಈಗ ಶೇ 6ರ ಆಸುಪಾಸಿನಲ್ಲಿದೆ, ಅದರ ಲಾಭಾಂಶ ವರ್ಷ ವರ್ಷವೂ ರಾಷ್ಟ್ರೀಯ ಅಭಿವೃದ್ಧಿ ನಿಧಿಗೆ ಜಮೆಯಾಗುತ್ತದೆ.